ಕಾಣಿಕೆ ಕೊಡು ಎಂದರೆ ಅಳುವ ಮಗಳು

ಪ್ರಶ್ನೆ: ಮಗಳಿಗೆ 8 ವರ್ಷ. ನಾವು ಕೊಟ್ಟ ಹತ್ತು ರೂಪಾಯಿಯನ್ನು ಭಾನುವಾರ ಚರ್ಚ್‌ನಲ್ಲಿ ಖುಷಿಯಿಂದ ಕಾಣಿಕೆ ಚೀಲಕ್ಕೆ ಹಾಕುತ್ತಾಳೆ. ನಿನ್ನ ದುಡ್ಡಿನಿಂದ ಕೊಡು ಎಂದರೆ ಅಳು. ಏನು ಮಾಡುವುದು?

ಉತ್ತರ: ಇಷ್ಟು ದಿನ ಅವಳು ಕೊಟ್ಟಿದ್ದು ನಿಮ್ಮ ಹಣ, ಅವಳು ಬರೀ ಪೋಸ್ಟ್‌ಮ್ಯಾನ್! ಪ್ರತಿ ಶನಿವಾರ ಸಂಜೆ 50 ರೂಪಾಯಿ ಕೊಡಿ. ಒಂದೇ ನೋಟು ಬೇಡ, ಅದನ್ನು ಪಾಲು ಮಾಡಲಾಗದು. ನಾಲ್ಕು ಹತ್ತರ ನಾಣ್ಯ, ಎರಡು ಐದರದ್ದು ಇರಲಿ. ಮೂರು ಪಾರದರ್ಶಕ ಡಬ್ಬಿಗಳಲ್ಲಿ ಅವಳೇ ಹಾಕಲಿ: ಮೊದಲು ಕಾಣಿಕೆಗೆ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, 5, ಉಳಿತಾಯಕ್ಕೆ 15, ಖರ್ಚಿಗೆ 30. ಭಾನುವಾರ ಬೆಳಿಗ್ಗೆಯ ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಆಗಲೇ ಕಾಣಿಕೆ ಕೇಳಿದರೆ ಅವಳಿಗೆ ಕಿತ್ತುಕೊಂಡಂತೆ ಕಾಣುತ್ತದೆ.

ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ಮಂಗಳವಾರ. ಖರ್ಚಿನ ಡಬ್ಬಿ ಖಾಲಿಯಾಗುತ್ತದೆ, ಅಜ್ಜಿ ಗುಟ್ಟಾಗಿ ತುಂಬಿಸುತ್ತಾರೆ. ಅಜ್ಜಿಗೂ ಮೊದಲೇ ಹೇಳಿಡಿ, ಮಗಳು ಶನಿವಾರದವರೆಗೆ ಕಾಯಲಿ. ಕಾಣಿಕೆ ಡಬ್ಬಿಯಿಂದ ಸಾಲವೂ ಇಲ್ಲ.

ಕೊಟ್ಟರೆ ದೇವರು ಎರಡರಷ್ಟು ಕೊಡುತ್ತಾನೆ ಎಂದು ಆಸೆ ಹುಟ್ಟಿಸಬೇಡಿ, ಅದು ವ್ಯಾಪಾರ. ಬದಲಿಗೆ ಬೈಬಲಿನ ಲೂಕ 21ನೇ ಅಧ್ಯಾಯದಲ್ಲಿ, ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟ ಬಡ ವಿಧವೆಯ ಎರಡು ಕಾಸಿನ ಕಥೆ ಓದಿ.

ವಸ್ತುಗಳಿಗೂ ಇದೇ ಲೆಕ್ಕ. ಕ್ರಿಸ್‌ಮಸ್‌ಗೆ ಯಾರಿಗಾದರೂ ಅವಳ ಫ್ರಾಕ್ ಕೊಡುವುದಿದ್ದರೆ ಅವಳೇ ಆರಿಸಲಿ, ನೀವು ಜೊತೆಗಿದ್ದು ಒಗೆಸಿ, ಕಿತ್ತ ಗುಂಡಿ ಹೊಲಿಸಿ. ಹರಿದದ್ದು ಒರೆಸುವ ಬಟ್ಟೆಗೆ ಹೋಗಲಿ.