ಕಾಂಕ್ರೀಟ್ ತೆಗೆದರೆ ಹಳ್ಳಕ್ಕೆ ಏನು ಲಾಭ?

ಹಳ್ಳದ ಕಾಂಕ್ರೀಟ್ ತಳ ಒಡೆದು ಮತ್ತೆ ಕಲ್ಲು, ಮರಳು ಹಾಕುವುದು ಬರೀ ಚಂದಕ್ಕಾ ಎಂದು ಕೇಳಿದ್ದೀರಿ. ಅಲ್ಲ. ಅಸಲಿ ಕೆಲಸ ನಡೆಯುವುದೇ ಕಲ್ಲಿನ ಅಡಿಯಲ್ಲಿ.

ಹರಿಯುವ ಹಳ್ಳದಿಂದ ಅಂಗೈಯಗಲದ ಒಂದು ಕಲ್ಲು ಎತ್ತಿ, ಮಗುಚಿ ನೋಡಿ. ತೆಳ್ಳಗೆ ಲೋಳೆ, ಅದರಲ್ಲಿ ಪುಟ್ಟ ಹುಳುಗಳು. ಕೆಲವಂತೂ ಮರಳಿನ ಕಣಗಳನ್ನೇ ಅಂಟಿಸಿ ಗೂಡು ಕಟ್ಟಿಕೊಂಡಿರುತ್ತವೆ! ಮೀನಿಗೆ ಅವೇ ಊಟ. ಇನ್ನು ಮರಳಿನ ಸಂದಿಯೊಳಗೆ ಇಳಿದ ನೀರಿನ ನೈಟ್ರೇಟನ್ನು (ಗೊಬ್ಬರ, ಕೊಳಚೆಯಿಂದ ಬಂದು ನೀರು ಕೆಡಿಸುವ ಸಾರಜನಕದ ಲವಣ) ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತವೆ. ಕಾಂಕ್ರೀಟ್ ಮೇಲೆ ನೀರು ಸುಮ್ನೆ ಜಾರಿ ಹೋಗುತ್ತದೆ, ಇದಕ್ಕೆಲ್ಲ ಪುರುಸೊತ್ತೆಲ್ಲಿ?

ಅಂಕುಡೊಂಕು ಇದ್ದರೆ ನೀರಿನ ರಭಸವೂ ಕಡಿಮೆ. ಅಮೆರಿಕದ ಫ್ಲೋರಿಡಾದಲ್ಲಿ ಕಿಸಿಮ್ಮಿ ನದಿಯನ್ನು 1962ರಿಂದ 1971ರ ನಡುವೆ ನೇರ ಕಾಲುವೆ ಮಾಡಿದರು. ಸುಮಾರು 166 ಕಿ.ಮೀ. ನದಿ 90 ಕಿ.ಮೀ.ಗೆ ಇಳಿಯಿತು, ನೀರುಹಕ್ಕಿಗಳು ಜಾಗ ಖಾಲಿ ಮಾಡಿದವು. ಆಮೇಲೆ ಒಂದಷ್ಟು ಭಾಗವನ್ನು ಮತ್ತೆ ಹಳೇ ದಾರಿಗೆ ತಿರುಗಿಸಿದಾಗ ಹಕ್ಕಿಗಳು ವಾಪಸ್ ಬಂದವು.

ಒಂದು ಮಾತು: ಮೇಲಿನಿಂದ ಚರಂಡಿ ನೀರು ಬರುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಇಲ್ಲದಿದ್ದರೆ ಹೊಸ ಕಲ್ಲಿನ ಸಂದಿಯೆಲ್ಲ ಕೆಸರು ತುಂಬಿಕೊಳ್ಳುತ್ತದೆ, ಹಾಕಿದ ದುಡ್ಡು ದಂಡ.