ರಾತ್ರಿ ತಂಪು, ಮಧ್ಯಾಹ್ನ ಬರೀ ಗಾಳಿ: ಎಸಿ ಕಂಪ್ರೆಸರ್ ಬದಲಾಯಿಸುವ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಇನ್ವರ್ಟರ್ ಎಸಿ (ಕಂಪ್ರೆಸರಿನ ವೇಗ ತಾನಾಗಿ ಬದಲಾಗುವ ಬಗೆ) ಅಲ್ಲ. ರಾತ್ರಿ ಚೆನ್ನಾಗಿ ತಂಪಾಗುತ್ತದೆ, ಮಧ್ಯಾಹ್ನ ಎರಡರ ಹೊತ್ತಿಗೆ ಬರೀ ಗಾಳಿ ಬೀಸುತ್ತದೆ. ಒಂದೇ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದೀರಿ. ಈಗ ಬಂದವರು 'ಕಂಪ್ರೆಸರ್ ಹೋಗಿದೆ' ಅಂದಿದ್ದಾರೆ, ಅಂದರೆ ಹೊರಗಿನ ಯೂನಿಟ್ಟಿನಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು. ಬದಲಾಯಿಸಲೋ ಬೇಡವೋ ಎಂದು ಕೇಳಿದ್ದೀರಿ.

ಈಗಲೇ ಬೇಡ. ನಾನು ಎಸಿ ರಿಪೇರಿ ಕೆಲಸದಲ್ಲೇ ಇರುವವನು. 'ರಾತ್ರಿ ಚೆನ್ನಾಗಿ ನಡೆಯುತ್ತದೆ' ಎಂಬ ನಿಮ್ಮ ಮಾತಿನಲ್ಲೇ ದೊಡ್ಡ ಸುಳಿವಿದೆ. ವೈಂಡಿಂಗ್ (ಒಳಗಿನ ಮೋಟರಿನ ತಂತಿ ಸುರುಳಿ) ಸುಟ್ಟುಹೋದ ಕಂಪ್ರೆಸರ್ ರಾತ್ರಿಯೂ ತಿರುಗುವುದಿಲ್ಲ. ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ರಾತ್ರಿಯೂ ತಂಪು ಸಿಗುವುದಿಲ್ಲ. ಬಿಸಿಲು ಏರಿದಾಗ ಮಾತ್ರ ಕೈಕೊಡುವ ಎಸಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಹೊರಗಿನ ಯೂನಿಟ್ಟು ಬಿಸಿಯನ್ನು ಹೊರಹಾಕುತ್ತಿದೆಯೋ ಇಲ್ಲವೋ ಅನ್ನುವುದನ್ನು.

ಕೋಣೆಯ ಬಿಸಿಯನ್ನು ಎತ್ತಿ ಹೊರಗೆ ಹಾಕುವುದಷ್ಟೇ ಎಸಿಯ ಕೆಲಸ. ಹಾಗೆ ಹಾಕಬೇಕಾದರೆ ಔಟ್‌ಡೋರ್ ಕಾಯಿಲ್ (ಹೊರಗಿನ ಯೂನಿಟ್ಟಿನಲ್ಲಿ ಗ್ಯಾಸ್ ಹರಿಯುವ ಪೈಪಿನ ಸುರುಳಿ) ಹೊರಗಿನ ಗಾಳಿಗಿಂತ ಬಿಸಿಯಾಗಿರಬೇಕು. ಹೊರಗೆ 30 ಡಿಗ್ರಿ ಇದ್ದಾಗ ಇದೇನೂ ಕಷ್ಟವಲ್ಲ. 43, 45 ಡಿಗ್ರಿ ಆದಾಗ ಕಾಯಿಲ್ ಒಳಗಿನ ಗ್ಯಾಸ್ 55ರಿಂದ 60 ಡಿಗ್ರಿಯ ಹತ್ತಿರ ಹೋಗಬೇಕಾಗುತ್ತದೆ. ಒತ್ತಡ ಏರುತ್ತದೆ, ಕಂಪ್ರೆಸರ್ ಎಳೆಯುವ ಕರೆಂಟೂ ಏರುತ್ತದೆ. ಇದರ ಮೇಲೆ ಕಾಯಿಲ್ಲಿಗೆ ಧೂಳು ಮೆತ್ತಿದ್ದರೆ, ಅಥವಾ ಫ್ಯಾನ್ ನಿಧಾನವಾಗಿದ್ದರೆ, ಕಂಪ್ರೆಸರ್ ಕಾದು ಅದರ ಓವರ್‌ಲೋಡ್ ಸ್ವಿಚ್ (ತೀರಾ ಬಿಸಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಒಳಗಿನ ಬ್ಲೋವರ್ ಮಾತ್ರ ತಿರುಗುತ್ತಲೇ ಇರುತ್ತದೆ. ಅದೇ ನೀವು ಹೇಳಿದ 'ಬರೀ ಗಾಳಿ'. ಸಂಜೆ ಕಂಪ್ರೆಸರ್ ತಣ್ಣಗಾದ ಮೇಲೆ ಸ್ವಿಚ್ ತಾನಾಗಿ ಕೂಡಿಕೊಳ್ಳುತ್ತದೆ, ತಂಪು ವಾಪಸ್ ಬರುತ್ತದೆ.

ಹಾಗಾಗಿ ಮೆಕ್ಯಾನಿಕ್ಕನ್ನು ಬೆಳಿಗ್ಗೆ ಕರೆಸಬೇಡಿ. ತೊಂದರೆ ಕಾಣಿಸುವ ಮಧ್ಯಾಹ್ನದ ಹೊತ್ತಿಗೇ ಕರೆಸಿ. ಬೆಳಿಗ್ಗೆ ಬಂದವರಿಗೆ ಚೆನ್ನಾಗಿ ಓಡುವ ಎಸಿ ಸಿಗುತ್ತದೆ, ಆಮೇಲೆ ಅವರು ಹೇಳುವುದೆಲ್ಲ ಊಹೆ.

ಅದಕ್ಕೂ ಮೊದಲು ನೀವೇ ಹೊರಗಿನ ಯೂನಿಟ್ಟಿನ ಹತ್ತಿರ ಐದು ನಿಮಿಷ ನಿಂತು ನೋಡಿ. ಫ್ಯಾನ್ ತಿರುಗದೆ ಕಂಪ್ರೆಸರ್ ಮಾತ್ರ ಗುಂಯ್ ಅನ್ನುತ್ತಿದ್ದರೆ ಫ್ಯಾನಿನ ಕೆಪಾಸಿಟರ್ (ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಭಾಗ) ಅಥವಾ ಮೋಟರ್ ಹೋಗಿರಬಹುದು. ಆಗ ತಕ್ಷಣ ಎಸಿ ಆಫ್ ಮಾಡಿ, ಹಾಗೇ ಓಡಿಸಿದರೆ ಒಳ್ಳೆಯ ಕಂಪ್ರೆಸರ್ ಕೂಡ ಹಾಳಾಗುತ್ತದೆ. ಫ್ಯಾನ್ ತಿರುಗುತ್ತಿದ್ದು, ಕೆಲವು ನಿಮಿಷಕ್ಕೊಮ್ಮೆ ಕಂಪ್ರೆಸರ್ ಗುರ್ ಅಂದು 'ಟಕ್' ಎಂದು ನಿಲ್ಲುತ್ತಿದ್ದರೆ ಅದು ಸ್ಟಾರ್ಟ್ ಆಗಲು ಒದ್ದಾಡುತ್ತಿದೆ. ಅಲ್ಲೂ ಮೊದಲ ಅನುಮಾನ ಕೆಪಾಸಿಟರ್ ಮೇಲೆ, ಎರಡನೆಯದು ವೋಲ್ಟೇಜ್ ಮೇಲೆ. ಸೆಖೆಯಲ್ಲಿ ಕೆಪಾಸಿಟರ್ ಬೇಗ ಸೊರಗುತ್ತದೆ. ಅದರ ಮೈಮೇಲೆ ಮೈಕ್ರೋಫ್ಯಾರಡ್ ಎಷ್ಟು ಎಂದು ಬರೆದಿರುತ್ತದೆ. ಮೀಟರಿನಲ್ಲಿ ಅಳೆದರೆ ಒಂದೇ ನಿಮಿಷದ ಕೆಲಸ. ಇಡೀ ಎಸಿಯಲ್ಲಿ ಅತಿ ಕಡಿಮೆ ಬೆಲೆಯ ಭಾಗಗಳಲ್ಲಿ ಅದೂ ಒಂದು. ಕವರ್ ಮಾತ್ರ ನೀವು ಬಿಚ್ಚಬೇಡಿ. ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಜೋರಾಗಿ ಹೊಡೆಯುತ್ತದೆ.

ಇನ್ನು ಯೂನಿಟ್ಟು ಇರುವ ಜಾಗ. ಚೆಂದ ಕಾಣಲಿ ಎಂದು ಮುಂದೆ ಅಡ್ಡಪಟ್ಟಿ ಹೊಡೆದು ಮುಚ್ಚಿರುತ್ತಾರೆ, ಇಲ್ಲವೇ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಆಗ ಅದು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹಿಂಬದಿಯ ಕಾಯಿಲ್ ಹತ್ತಿರ ಒಂದು ಥರ್ಮಾಮೀಟರ್ ಹಿಡಿದು ನೋಡಿ. ನೆರಳಿನ ಗಾಳಿಗಿಂತ ಅಲ್ಲಿ ಐದಾರು ಡಿಗ್ರಿ ಜಾಸ್ತಿ ಇದ್ದರೆ ಮುಖ್ಯ ಕಾರಣ ಅಲ್ಲೇ ಸಿಕ್ಕಿತು ಅಂದುಕೊಳ್ಳಬಹುದು. ಕಾಯಿಲ್ಲನ್ನು ಮೇನ್ ಆಫ್ ಮಾಡಿ ಮೆಲ್ಲನೆಯ ನೀರಿನಲ್ಲಿ ತೊಳೆಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಈಗ ಗ್ಯಾಸಿನ ವಿಷಯ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ಎಸಿಯ ಗ್ಯಾಸ್ ಬಳಸಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿದರೆ ಅದೂ ಹೋಗುತ್ತದೆ. ನಿಮಗೆ ಎರಡು ಸಲ ತುಂಬಿದವರು ಲೀಕ್ ಎಲ್ಲಿದೆ ಎಂದು ತೋರಿಸಿದರೇ? ತೋರಿಸಿಲ್ಲ ಎಂದರೆ ಗ್ಯಾಸ್ ಕಡಿಮೆ ಇತ್ತು ಅನ್ನುವುದೇ ಅನುಮಾನ.

ಇನ್ನೊಂದು ಸಾಧ್ಯತೆಯೂ ಇದೆ. ಆ ಎರಡು ತುಂಬಿಸುವಿಕೆಯೇ ಮಧ್ಯಾಹ್ನದ ತೊಂದರೆಯನ್ನು ಹೆಚ್ಚು ಮಾಡಿರಬಹುದು. ಗ್ಯಾಸ್ ಬೇಕಾದ್ದಕ್ಕಿಂತ ಜಾಸ್ತಿಯಾದರೆ ಒತ್ತಡ ಏರುತ್ತದೆ. ತುಂಬುವಾಗ ಹೋಸಿನಲ್ಲಿದ್ದ ಗಾಳಿ ಒಳಗೆ ಸೇರಿಕೊಂಡರೂ ಅಷ್ಟೇ, ಆ ಗಾಳಿ ದ್ರವವಾಗುವುದೇ ಇಲ್ಲ, ಕಾಯಿಲ್ಲಿನಲ್ಲಿ ಸುಮ್ನೆ ಜಾಗ ಹಿಡಿದು ಕೂರುತ್ತದೆ. ಎರಡರ ಪರಿಣಾಮವೂ ನೀವು ಹೇಳಿದ ಹಾಗೇ: ತಂಪು ಹೊತ್ತಿನಲ್ಲಿ ಓಡುತ್ತದೆ, ಬಿಸಿಲಿನಲ್ಲಿ ಟ್ರಿಪ್ ಆಗುತ್ತದೆ.

ಯೂನಿಟ್ಟಿನ ಪ್ಲೇಟಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಸರಿಯಾದ ವಿಧಾನ ಹೀಗಿದೆ: ಇರುವ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ವಾಪಸ್ ತೆಗೆಯಬೇಕು. ನೈಟ್ರೋಜನ್ ಹಾಕಿ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಲೀಕ್ ನೋಡಬೇಕು. ಎರಡು ಯೂನಿಟ್ಟಿನ ಫ್ಲೇರ್ ನಟ್ಟುಗಳ (ಪೈಪನ್ನು ಯೂನಿಟ್ಟಿಗೆ ಕೂಡಿಸುವ ನಟ್ಟುಗಳು) ಹತ್ತಿರ ಎಣ್ಣೆಯ ಕಲೆ ಇದ್ದರೆ ಮೊದಲು ಅಲ್ಲೇ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಇಟ್ಟು 500 ಮೈಕ್ರಾನ್ (ಪೈಪಿನಲ್ಲಿ ಉಳಿದ ಒತ್ತಡದ ಅಳತೆ) ತನಕ ಎಳೆದು, ಅದು ನಿಲ್ಲುತ್ತದೆಯೇ ಎಂದು ನೋಡಿ, ತಕ್ಕಡಿಯಲ್ಲಿ ತೂಗಿ ತುಂಬಬೇಕು. ಗೇಜಿನಲ್ಲಿ ಬರೀ ಸಕ್ಷನ್ ಒತ್ತಡ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಬದಿಯ ಒತ್ತಡ) ನೋಡಿ 'ಸರಿ ಇದೆ' ಅನ್ನುವುದು ಸಾಲದು. ಹೊರಗಿನ ಸೆಖೆ ಬದಲಾದಂತೆ ಆ ಅಂಕಿಯೂ ಬದಲಾಗುತ್ತದೆ. ತಕ್ಕಡಿ, ವ್ಯಾಕ್ಯೂಮ್ ಪಂಪ್ ಎರಡೂ ಇಲ್ಲದೆ ಬಂದವರಿಗೆ ಪೈಪ್ ಬಿಚ್ಚಲು ಬಿಡಬೇಡಿ.

ಗ್ಯಾಸಿನ ಹೆಸರನ್ನೂ ಹೊಂದಿಸಿ ನೋಡಿ. ಆರ್-410ಎ ಒತ್ತಡ ಆರ್-22ಗಿಂತ ಸುಮಾರು 60 ಶೇಕಡಾ ಜಾಸ್ತಿ, ಎರಡರ ಜೊತೆ ಕಂಪ್ರೆಸರಿನಲ್ಲಿ ಬಳಸುವ ಎಣ್ಣೆಯೂ ಬೇರೆ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಆರ್-290 ಅಂದರೆ ಪ್ರೋಪೇನ್, ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ಮಾಡದ ಎಸಿಗೆ ಪ್ರೋಪೇನ್ ತುಂಬುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ, ಮನೆಯವರ ಜೀವದ ಪ್ರಶ್ನೆ.

'ಕಂಪ್ರೆಸರ್ ಹೋಗಿದೆ' ಅಂದದ್ದಕ್ಕೆ ಆಧಾರ ಏನಿತ್ತು ಎಂದು ಕೇಳಿ. ಸಾಮಾನ್ಯವಾಗಿ ಮಲ್ಟಿಮೀಟರ್ ಇಟ್ಟು 'ಓಪನ್ ತೋರಿಸುತ್ತಿದೆ', ಅಂದರೆ ಒಳಗಿನ ತಂತಿ ಕಡಿದಿದೆ, ಅನ್ನುತ್ತಾರೆ. ಕಂಪ್ರೆಸರಿಗೆ ವೈರ್ ಕೂಡಿಸುವ ಮೂರು ಟರ್ಮಿನಲ್ ಇರುತ್ತವೆ: ಕಾಮನ್, ರನ್, ಸ್ಟಾರ್ಟ್. ಓವರ್‌ಲೋಡ್ ಸ್ವಿಚ್ ಕಂಪ್ರೆಸರಿನ ಒಳಗೇ ಇದ್ದರೆ, ಅದು ಟ್ರಿಪ್ ಆದಾಗ ಒಳ್ಳೆಯ ಕಂಪ್ರೆಸರ್ ಕೂಡ ಕಾಮನ್ ಟರ್ಮಿನಲ್ಲಿನಲ್ಲಿ ಓಪನ್ ತೋರಿಸುತ್ತದೆ! ಬಿಸಿಲಿನಲ್ಲಿ ಅದು ತಣ್ಣಗಾಗಲು ಒಂದೆರಡು ಗಂಟೆಯಾದರೂ ಬೇಕು. ತಣ್ಣಗಾದ ಮೇಲೆ ಮೂರು ಟರ್ಮಿನಲ್ ಮಧ್ಯೆ ಮತ್ತೆ ಅಳೆಯಲಿ. ರನ್ನಿಗೂ ಸ್ಟಾರ್ಟಿಗೂ ನಡುವಿನ ಓಮ್ಸ್ ಉಳಿದೆರಡರ ಮೊತ್ತಕ್ಕೆ ಸಮ ಬರಬೇಕು. ಯಾವ ಟರ್ಮಿನಲ್ಲಿನಿಂದಲೂ ಕಂಪ್ರೆಸರಿನ ಹೊರಗಿನ ಲೋಹದ ಕವಚಕ್ಕೆ ಕರೆಂಟ್ ಹರಿಯುವ ದಾರಿ ಇರಬಾರದು. ಇದು ಸರಿ ಬಂದರೆ ವೈಂಡಿಂಗ್ ಬದುಕಿದೆ. ಇನ್ವರ್ಟರ್ ಎಸಿಗೆ ಈ ಲೆಕ್ಕ ಬೇರೆ, ಅಲ್ಲಿ ಮೂರು ಅಳತೆಯೂ ಒಂದೇ ಸಮ ಇರುತ್ತದೆ.

ಕಂಪ್ರೆಸರ್ ಓಡುತ್ತಿರುವಾಗ ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ಸ್ ನೋಡಿ ಪ್ಲೇಟಿನ ಅಂಕಿಯ ಜೊತೆ ಹೋಲಿಸಲಿ. ವೋಲ್ಟೇಜನ್ನೂ ಅದೇ ಹೊತ್ತಿನಲ್ಲಿ ಅಳೆಯಬೇಕು. ಸುತ್ತಮುತ್ತ ಎಲ್ಲರೂ ಎಸಿ ಹಾಕಿರುವ ಮಧ್ಯಾಹ್ನ ವೋಲ್ಟೇಜ್ ಕುಸಿಯುತ್ತದೆ, ರಾತ್ರಿ ಸರಿಯಾಗಿ ಬರುತ್ತದೆ. ಅದೊಂದೇ ಸಾಕು ಕಂಪ್ರೆಸರನ್ನು ಟ್ರಿಪ್ ಮಾಡಲು.

ಕಂಪ್ರೆಸರ್ ಟ್ರಿಪ್ಪೇ ಆಗುತ್ತಿಲ್ಲ, ಆದರೂ ತಂಪು ಸಾಲದು ಎಂದಾದರೆ, ಫಿಲ್ಟರ್ ತೊಳೆದು ಹಾಕಿ ಹದಿನೈದು ನಿಮಿಷ ಓಡಿಸಿ. ಒಳಗಿನ ಯೂನಿಟ್ಟಿನ ಮೇಲೆ ಎಳೆಯುವ ಗಾಳಿಗೂ ಕೆಳಗೆ ಬೀಸುವ ಗಾಳಿಗೂ ಎಷ್ಟು ವ್ಯತ್ಯಾಸ ಇದೆ ನೋಡಿ. 8ರಿಂದ 12 ಡಿಗ್ರಿ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ, ತೇವ ಜಾಸ್ತಿ ಇರುವ ಕಡೆ ಇನ್ನೂ ಸ್ವಲ್ಪ ಕಡಿಮೆ ಬರಬಹುದು. ಆಗ ತೊಂದರೆ ರಿಪೇರಿಯದ್ದಲ್ಲ, ಎಸಿಯ ಸಾಮರ್ಥ್ಯ ಸಾಲದ್ದು. ಎಸಿಯ ಟನ್ನನ್ನು, ಅಂದರೆ ಬಿಸಿ ಎತ್ತುವ ಸಾಮರ್ಥ್ಯವನ್ನು, ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇಟ್ಟು ಅಳೆದಿರುತ್ತಾರೆ. 45 ಡಿಗ್ರಿಯಲ್ಲಿ ಅದೇ ಎಸಿ ಅಷ್ಟು ಬಿಸಿ ಎತ್ತುವುದಿಲ್ಲ. ತೀರಾ ಬಿಸಿಲಿನ ಪ್ರದೇಶಗಳಿಗೆಂದು 46 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ 'ಟಿ3' ಎಂಬ ದರ್ಜೆಯೇ ಇದೆ. ಮುಂದೆ ಹೊಸದು ಕೊಳ್ಳುವಾಗ ಅದನ್ನು ನೋಡಿ. ಸದ್ಯಕ್ಕೆ ಬಿಸಿಲು ಬೀಳುವ ಕಿಟಕಿಗೆ ಹೊರಗಿನಿಂದ ನೆರಳು ಮಾಡಿದರೂ ಎಸಿ ಮೇಲಿನ ಹೊರೆ ಇಳಿಯುತ್ತದೆ.

ಮಧ್ಯಾಹ್ನ ಅಳೆದ ಆಂಪ್ಸ್, ವೋಲ್ಟೇಜ್, ಕೆಪಾಸಿಟರ್ ಮೈಕ್ರೋಫ್ಯಾರಡ್, ತಣ್ಣಗಾದ ಮೇಲಿನ ಓಮ್ಸ್, ಇಷ್ಟನ್ನೂ ಪ್ಲೇಟಿನ ಅಂಕಿಗಳ ಜೊತೆ ಇಲ್ಲೇ ಕೆಳಗೆ ಬರೆಯಿರಿ. ಕಂಪ್ರೆಸರಿಗೆ ದುಡ್ಡು ಕೊಡುವ ಮೊದಲು ನಾನು ನೋಡಿ ಹೇಳುತ್ತೇನೆ.