ಧೈರ್ಯ ಇಲ್ಲ ಅಂತಲ್ಲ ಮಾರಾಯ್ರೆ

"ಉಡುಪಿಯವರು ಮುಂಬೈಗೆ ಹೋಗಿ ಹೋಟೆಲ್ ಹಾಕುತ್ತಾರೆ, ಊರಲ್ಲಿ ಒಂದು ಘಟಕ ಹಾಕಲು ಧೈರ್ಯ ಇಲ್ವಾ" ಅಂತ ಕೇಳಿದ್ದೀರಿ. ಅಲ್ಲಿ ಮಾವನದ್ದೋ ಭಾವನದ್ದೋ ಹೋಟೆಲ್ ಮೊದಲೇ ಇರುತ್ತದೆ, ಹೋದವನು ಟೇಬಲ್ ಒರೆಸಿ, ಗಲ್ಲಾದಲ್ಲಿ ಕೂತು ಕೆಲಸ ಕಲಿಯುತ್ತಾನೆ, ಆಮೇಲೆ ಊರಿನವರೇ ದುಡ್ಡು ಹೊಂದಿಸಿ ಕೊಡುತ್ತಾರೆ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಜಾಗ ಹೋದ ಮನೆಗಳಿಂದ ಹೊರಟವರೂ ಇದ್ದಾರೆ.

ಊರಲ್ಲಿ? ಕಾಪುವಿನಲ್ಲಿ ಗೇರುಬೀಜದ ಸಣ್ಣ ಘಟಕಕ್ಕೆ ನಾನೇ ಸಾಲ ಕೇಳಿದ್ದೆ. ಜಾಗದ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, 11 ಹೆಸರು. ಇಬ್ಬರು ದುಬೈಯಲ್ಲಿ, ಒಬ್ಬರು ತೀರಿಕೊಂಡೇ ಎಷ್ಟೋ ವರ್ಷ ಆಯಿತು! ಇಷ್ಟು ಜನರ ಸಹಿ ಎಲ್ಲಿಂದ ತರುವುದು? ಬ್ಯಾಂಕ್ ಮ್ಯಾನೇಜರ್ ಕಾಗದ ವಾಪಸ್ ಕೊಟ್ಟರು. ಕೊನೆಗೆ ಬಾಡಿಗೆ ಜಾಗ ಹಿಡಿದೆ.

ಹಾಗಂತ ಎಲ್ಲ ಅಡ್ಡಿಯೇ ಅಂತಲ್ಲ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಶುರುವಾದದ್ದೇ ಕಷ್ಟದಲ್ಲಿದ್ದ ನೇಕಾರರಿಗಾಗಿ, 1928ರಲ್ಲಿ ಪಿಗ್ಮಿ ಅಂತ ದಿನದ ಉಳಿತಾಯ ಯೋಜನೆ ತಂದು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡರು. ನನ್ನಲ್ಲಿಗೂ ಸಂಜೆ ಪಿಗ್ಮಿಯವರು ಬರುತ್ತಾರೆ, ಮಳೆಗಾಲದಲ್ಲಿ ಕೊಡೆ ಮಡಚುವ ಮೊದಲೇ ಅವರ ಮೆಷಿನ್ ಹೊರಗೆ ಬಂದಿರುತ್ತದೆ. ಬೀಜ ಬೇಯಿಸುವ ಬಾಯ್ಲರಿನ ಅಡ್ವಾನ್ಸ್ ಕೊಟ್ಟದ್ದು ಆ ದುಡ್ಡಿನಲ್ಲೇ.

ನಿಮ್ಮದೂ ಕುಟುಂಬದ ಜಾಗ ಅಲ್ವಾ? ಹಾಗಿದ್ದರೆ ಮೆಷಿನ್ ನೋಡಲು ಹೋಗುವ ಮೊದಲು ಯಾರ ಪಾಲು ಯಾವುದು ಅಂತ ಬರೆಸುವ ಪಾಲುಪಟ್ಟಿ ಮಾಡಿಸಿ.